ಇಪ್ಪತ್ತೈದರ ಗೆರೆ

ಬಯಲಲ್ಲಿ ಸರಿ, ಏರು ಬಂದರೆ ಮುಲುಕುತ್ತೆ.
ಅಲವೇಲಮ್ಮ ಹೇಳಿದ್ದು ಇಷ್ಟೆ,
ಅದೂ ಮೂರನೇ ಸಲ.

ಮೊದಲ ಸಲ ಕಾರ್ಬೊರೇಟರ್ ತೊಳೆದಿದ್ದೆ,
ಜೆಟ್ಟಿನ ತೂತಿಗೆ ಊದಿ ಊದಿ
ಬಾಯೆಲ್ಲ ಪೆಟ್ರೋಲು.
ಎರಡನೇ ಸಲ ಬೆಲ್ಟು ಬದಲಿಸಿದೆ.
ಹಳೆಯದು ಸವೆದಿತ್ತು, ಸುಳ್ಳೇನೂ ಹೇಳಿರಲಿಲ್ಲ,
ರೋಗ ಮಾತ್ರ ಅದಾಗಿರಲಿಲ್ಲ.
ದಿಬ್ಬೂರಹಳ್ಳಿ ದಾರಿಯ ಏರಲ್ಲಿ
ಎಮ್ಮೆಗಳು ನನ್ನ ದಾಟ್ಕೊಂಡು ಹೋದವು ಬಾಬಾಜಾನ್,
ತಿರುಗಿ ಬೇರೆ ನೋಡಿದವು, ಅಂದಳು.
ಅವಳು ನಗಲಿಲ್ಲ. ಹಾಗಾಗಿ ನಾನೂ ನಗಲಿಲ್ಲ.

ಶಿಡ್ಲಘಟ್ಟದಲ್ಲಿ ಮಧ್ಯಾಹ್ನದ ಗಾಳಿ
ಹಿಂದಿನ ಗಲ್ಲಿಯಿಂದ ಬರುತ್ತೆ,
ಬೆಂದ ಗೂಡಿನ ವಾಸನೆ ಹೊತ್ತು.
ಇಲ್ಲಿ ಹುಟ್ಟಿದವರಿಗೆ ಅದೇ ಹೊತ್ತು: ಎರಡು ಗಂಟೆ.
ಅಬ್ಬಾ ಚರಕದ ಮುಂದೆ ಕೂರುತ್ತಿದ್ದ ಕಾಲಕ್ಕೆ
ಪಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ.
ಜಾರಿದರೆ ರಾಳದ ಪುಡಿ, ಸಡಿಲಾದರೆ ಒಂದು ಹೊಲಿಗೆ.
ಪಟ್ಟಿಯನ್ನ ಬೈಬೇಡ, ಗಾಲಿ ನೋಡು, ಅನ್ನುತ್ತಿದ್ದ.
ಮರೆತಿದ್ದೆ.

ಸ್ಕ್ರೂಡ್ರೈವರ್ ತುದಿ ಕವರಿನ ಮೇಲೆ,
ಹಿಡಿ ನನ್ನ ಕಿವಿಗೆ.
ಇಲಿಯಾಜ್, ರೇಸ್ ಕೊಡು. ಇನ್ನೂ. ಬಿಡು ಈಗ.
ಹತ್ತಿದ ಬೆಲ್ಟು ಇಳಿಯುತ್ತಿಲ್ಲ,
ಅಟ್ಟ ಹತ್ತಿದ ಬೆಕ್ಕಿನ ಹಾಗೆ.

ಕಿಕ್ಕರ್ ಬಿಚ್ಚಿದೆ. ಕವರ್ ಬಿಚ್ಚಿದೆ.
ಪುಲ್ಲಿಯ ನಟ್ಟು ಹಟ ಹಿಡಿಯಿತು;
ಅದಕ್ಕೆ ಸೀಮೆಎಣ್ಣೆ ಕುಡಿಸಿ
ನಾನು ಚಹಾ ಕುಡಿದು ಬಂದೆ, ಬಿಟ್ಟಿತು.
ರೋಲರ್ ಆರಕ್ಕಾರೂ ಗುಂಡಗೇ ಇದ್ದವು.
ಮೂರನೇ ಸಲವೂ ಮರ್ಯಾದೆ ಹೋಯಿತು ಅಂದುಕೊಂಡು
ಪುಲ್ಲಿಯ ಮುಖ ಸುಮ್ಮನೆ ಒರೆಸುತ್ತಿದ್ದಾಗ
ಬೆರಳಿಗೆ ಸಿಕ್ಕಿತು,
ಕಣ್ಣಿಗೆ ಕಂಡಿರದ ಒಂದು ಗೆರೆ.
ಉಗುರು ಇಟ್ಟರೆ ಕೂರುವಷ್ಟು ಆಳ,
ಎರಡೂ ಮುಖದಲ್ಲಿ, ಸುತ್ತಲೂ, ಒಂದೇ ಎತ್ತರಕ್ಕೆ.

ಎಷ್ಟರಲ್ಲಿ ಓಡಿಸ್ತೀಯಮ್ಮ?
ಇಪ್ಪತ್ತೈದು.
ಯಾವಾಗಲೂ?
ಯಾವಾಗಲೂ. ಮುಂದೆ ಚಾಕಿ ಇರ್ತದಲ್ಲ.

ಕಾಲಿಡುವ ಜಾಗದಲ್ಲಿ ತಟ್ಟೆಯ ಮೇಲೆ ತಟ್ಟೆ,
ಒದ್ದೆ ಗೋಣಿಯ ಕೆಳಗೆ
ಎರಡನೇ ಜ್ವರ ಎದ್ದ ಹುಳು, ಭತ್ತದ ಕಾಳಿನಷ್ಟು.
ಮೂವತ್ತಕ್ಕೆ ಹೋದರೆ ಗಾಳಿ ಹೊಡೆಯುತ್ತೆ,
ಇಪ್ಪತ್ತಕ್ಕೆ ಇಳಿದರೆ ಊರು ಮುಟ್ಟುವಷ್ಟರಲ್ಲಿ ಬಿಸಿಲು.
ಹದಿನಾರು ವರ್ಷ ಒಂದೇ ವೇಗ.
ಬೆಲ್ಟು ತನ್ನ ಜಾಗ ಮಾಡಿಕೊಂಡಿತ್ತು,
ದಿನಾ ಕೂತು ಕೂತು ಜಗಲಿ ಸವೆಸಿದ ಮುದುಕನ ಹಾಗೆ,
ಏಳು ಅಂದರೆ ಏಳುವುದಿಲ್ಲ.

ಅವಳೂ ಉಗುರಿಟ್ಟು ನೋಡಿದಳು.
ಇದು ನಾನು ಮಾಡಿದ್ದಾ?
ಬೇಸರವೋ ಜಂಬವೋ ತಿಳಿಯಲಿಲ್ಲ.

ಲೇತಿಗೆ ಕೊಟ್ಟರೆ ಕೋನ ಕೆಡುತ್ತೆ.
ಈ ಕಾಲದ ಗಾಡಿಗೆ ಹೊಸ ಪುಲ್ಲಿ ಯಾರಲ್ಲೂ ಇಲ್ಲ.
ಚಿಂತಾಮಣಿಯ ಗುಜರಿಯಲ್ಲಿ ಅರ್ಧ ದಿನ ಕೆದಕಿ
ಲಾರಿಗೆ ಸಿಕ್ಕಿ ಮಡಚಿಕೊಂಡ ಗಾಡಿಯೊಂದರಿಂದ ತಂದೆ.
ಅದರ ಮುಖ ಬುಡದಿಂದ ಅಂಚಿನವರೆಗೂ ನುಣ್ಣಗೆ.
ಯಾರೋ ಎಲ್ಲ ವೇಗದಲ್ಲೂ ಓಡಿಸಿದವನು.
ಈ ಮಾತು ಅಲವೇಲಮ್ಮನಿಗೆ ಹೇಳಲಿಲ್ಲ.

ಲೆಕ್ಕ ಬರೆಯುವಾಗ ಬೆಲ್ಟಿನ ದುಡ್ಡು ಹೊಡೆದು ಹಾಕಿದೆ.
ಅದೂ ಸವೆದಿತ್ತಲ್ಲ ಅಂತ ಅವಳು,
ನನ್ನ ತಪ್ಪು ಅಂತ ನಾನು;
ಕೊನೆಗೆ ಅರ್ಧಕ್ಕೆ ಒಪ್ಪಿದೆವು.
ಹಳೇ ಪುಲ್ಲಿ ಕೇಳಿ ಇಸಿದುಕೊಂಡಳು,
ಗೋಣಿ ಹಾರದ ಹಾಗೆ ಮೇಲಿಡಲು ಭಾರ ಬೇಕಂತೆ.

ಮರುದಿನ ಶಟರ್ ಎತ್ತುವ ಮೊದಲೇ
ಗಾಡಿ ದಾಟಿ ಹೋಯಿತು, ಕತ್ತಲಲ್ಲಿ, ಇಪ್ಪತ್ತೈದರಲ್ಲಿ.
ಕೆರೆ ಏರಿ ಹತ್ತುವ ಕಡೆ
ಸದ್ದಿನ ಗಂಟಲು ಬದಲಾಯಿತು.
ಇಳೀತು ನೋಡೋ, ಅಂದೆ ಇಲಿಯಾಜನಿಗೆ.
ಅವನಿನ್ನೂ ಮಲಗಿದ್ದ.